ಪಿಯೇರ್ ಕ್ಯೂರಿಯೂ ಸೀಸವಿಲ್ಲದ ಪಿಂಗಾಣಿಯೂ

ಕ್ಯೂರಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಮೇಡಂ ಕ್ಯೂರಿ. ಆಕೆಯ ಹಿಂದೆಯೇ ರೇಡಿಯಂ. ಅದು ನ್ಯಾಯವೇ ಸರಿ. ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಆ ಮಹಿಳೆಯ ಕೀರ್ತಿಯ ಮುಂದೆ ಆಕೆಯ ಗಂಡನು ಗಡ್ಡ ಬಿಟ್ಟ ಒಬ್ಬ ಸೌಮ್ಯ ಮನುಷ್ಯನಾಗಿ ಚಿತ್ರದ ಒಂದು ಮೂಲೆಯಲ್ಲಿ ನಿಂತಂತೆ ಕಾಣುತ್ತಾನೆ. ಆದರೆ ರೇಡಿಯಂ ದೊರೆಯುವುದಕ್ಕೆ 18 ವರ್ಷ ಮೊದಲೇ, ಇಪ್ಪತ್ತೊಂದರ ಹರೆಯದಲ್ಲಿ, ಆತನು ತನ್ನ ಅಣ್ಣನೊಡಗೂಡಿ ಒಂದು ಸಂಗತಿಯನ್ನು ಕಂಡುಹಿಡಿದಿದ್ದನು. ಇಂದು ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಚಟ್ಟೆಂದು ಹಾರುವ ಕಿಡಿ, ಬೋಟುಗಳಲ್ಲಿ ಮೀನಿನ ಹಿಂಡನ್ನು ತೋರಿಸುವ ಯಂತ್ರ, ಆಸ್ಪತ್ರೆಯಲ್ಲಿ ಬಸುರಿಯ ಹೊಟ್ಟೆಯೊಳಗಿನ ಮಗುವನ್ನು ಕಾಣಿಸುವ ಸ್ಕ್ಯಾನಿಂಗ್, ಇವೆಲ್ಲವೂ ಆ ಸಂಗತಿಯ ಮಕ್ಕಳು. ಕಲಾ ವಿಭಾಗದ ವಿದ್ಯಾರ್ಥಿಗೆ ಭೌತವಿಜ್ಞಾನಿಯ ಉಸಾಬರಿ ಏಕೆಂದು ಕೇಳುವವರು ಇರಬಹುದು. ಇತಿಹಾಸ ಓದುವವನಿಗೆ ರಾಜರ ಚರಿತ್ರೆ ಎಷ್ಟು ಸಲ್ಲುತ್ತದೆಯೋ ಒಂದು ಹರಳಿನ ಚರಿತ್ರೆಯೂ ಅಷ್ಟೇ ಸಲ್ಲಬೇಕೆಂದು ನನ್ನ ನಂಬಿಕೆ. ಅದೂ ಅಲ್ಲದೆ ಈ ಚರಿತ್ರೆಯ ನಡುವೆ ಸೀಸವೆಂಬ ವಿಷವೊಂದು ಬಂದು ಸೇರಿಕೊಂಡಿದೆ; ಅದನ್ನು ಹೊರಗೆ ಹಾಕುವ ಪ್ರಯತ್ನ ಈಗ ನಡೆದಿದೆ; ಆ ಪ್ರಯತ್ನಕ್ಕೆ ಬೇಕಾದ ಕೀಲಿಕೈಗಳನ್ನು ಪಿಯೇರನೇ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿಟ್ಟು ಹೋಗಿದ್ದಾನೆ.

ಪಿಯೇರ್ ಕ್ಯೂರಿ ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಯುಜೀನ್ ಕ್ಯೂರಿ ವೈದ್ಯ. ದುಡ್ಡಿಗಿಂತ ಜನರಿಗೆ ಹತ್ತಿರವಾಗಿದ್ದವನು. 1871ರಲ್ಲಿ ಪ್ಯಾರಿಸಿನ ಜನ ದಂಗೆಯೆದ್ದು ಬೀದಿಬೀದಿಗಳಲ್ಲಿ ಗುಂಡು ಹಾರುತ್ತಿದ್ದಾಗ ಆತನು ತನ್ನ ಮನೆಯನ್ನೇ ಆಸ್ಪತ್ರೆಯನ್ನಾಗಿ ಮಾಡಿಕೊಂಡು ಗಾಯಾಳುಗಳನ್ನು ಉಪಚರಿಸಿದನು. ಅವರನ್ನು ಹೊತ್ತು ತರುವುದರಲ್ಲಿ ಮಕ್ಕಳಾದ ಜಾಕ್ ಮತ್ತು ಪಿಯೇರರೂ ತಂದೆಗೆ ನೆರವಾದರು. ಆಗ ಪಿಯೇರನಿಗೆ ಹನ್ನೆರಡು ವರ್ಷದ ಆಸುಪಾಸು.

ಈ ಹುಡುಗನು ಶಾಲೆಯ ಮೆಟ್ಟಲನ್ನು ಹತ್ತಲೇ ಇಲ್ಲ. ಒಂದು ವಿಷಯವನ್ನು ಹಿಡಿದರೆ ಅದರ ಬುಡ ಕಾಣುವವರೆಗೆ ಬೇರೊಂದಕ್ಕೆ ಮನಸ್ಸು ತಿರುಗಿಸಲಾರದ ಸ್ವಭಾವ ಅವನದು. ಗಂಟೆ ಬಾರಿಸಿದೊಡನೆ ಭೂಗೋಳ ಬಿಟ್ಟು ಗಣಿತಕ್ಕೆ ಹಾರಬೇಕಾದ ಶಾಲೆಯಲ್ಲಿ ಇವನು ದಡ್ಡನೆಂದೇ ಹೆಸರು ಪಡೆಯುತ್ತಿದ್ದನೋ ಏನೋ. ತಂದೆ ಇದನ್ನು ಅರಿತು ಮನೆಯಲ್ಲಿಯೇ ಕಲಿಸಿದನು. ತಾಯಿ ಮತ್ತು ಅಣ್ಣ ಕಲಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಜಿಲ್ ಎಂಬ ಗಣಿತದ ಮೇಷ್ಟ್ರು ದೊರೆತರು. ಉಳಿದ ಸಮಯದಲ್ಲಿ ಪ್ಯಾರಿಸಿನ ಹೊರವಲಯದ ಕಾಡು ಹೊಳೆಗಳ ಬದಿಯಲ್ಲಿ ಅಲೆದಾಟ. ನನ್ನ ಮನೆಯಲ್ಲಿ ಪದವಿಯ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಪುಸ್ತಕ ಹಿಡಿದು ಕೂತಿದ್ದರೆ ಏನು ಓದುತ್ತಿದ್ದೀಯೆಂದು ಕೇಳಿ ತಿದ್ದುವವರು ನಮ್ಮಲ್ಲಿ ಯಾರೂ ಇದ್ದಿಲ್ಲ. ಆದ್ದರಿಂದ ಕ್ಯೂರಿಯ ಮನೆಯ ಆ ಊಟದ ಮೇಜನ್ನು ನೆನೆದರೆ ಸ್ವಲ್ಪ ಅಸೂಯೆಯಾಗದೆ ಇರದು. ಹದಿನಾರಕ್ಕೆ ಆತನು ವಿಶ್ವವಿದ್ಯಾಲಯದ ಪ್ರವೇಶಕ್ಕೆ ಬೇಕಾದ ಪರೀಕ್ಷೆಯಲ್ಲಿಯೂ ಹದಿನೆಂಟಕ್ಕೆ ಪದವಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾದನು. ಮುಂದೆ ಓದುವುದಕ್ಕೆ ಹಣವಿಲ್ಲದೆ 1878ರಲ್ಲಿ ಸೊರ್ಬಾನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದನು.

ಅಣ್ಣ ಜಾಕ್ ಅದೇ ವಿಶ್ವವಿದ್ಯಾಲಯದ ಖನಿಜವಿಜ್ಞಾನದ ಪ್ರಯೋಗಾಲಯದಲ್ಲಿದ್ದನು. ಇಬ್ಬರಿಗೂ ಹರಳುಗಳ ಮೇಲೆ ಮೋಹ. ಅದರಲ್ಲಿಯೂ ಟೂರ್ಮಲೀನ್ ಎಂಬ ಹರಳಿನ ಒಂದು ವಿಚಿತ್ರ ಗುಣ ಆಗ ಎಲ್ಲರಿಗೂ ಗೊತ್ತಿದ್ದಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ಚರು ನಮ್ಮ ನೆರೆಯ ಸಿಂಹಳದಿಂದ ಇದನ್ನು ಯೂರೋಪಿಗೆ ಕೊಂಡೊಯ್ದಿದ್ದರು. ಬಿಸಿ ಬೂದಿಯ ಹತ್ತಿರ ಇಟ್ಟರೆ ಅದು ಬೂದಿಯನ್ನು ತನ್ನತ್ತ ಎಳೆಯುತ್ತಿತ್ತು. ಜನ ಅದನ್ನು ಸಿಂಹಳದ ಅಯಸ್ಕಾಂತವೆಂದೂ ಕರೆದುದುಂಟು. ಕಾಯಿಸಿದರೆ ಅದರ ಎರಡು ತುದಿಗಳಲ್ಲಿ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ ಎಂಬುದು ಮುಂದೆ ತಿಳಿಯಿತು. ಅಣ್ಣತಮ್ಮಂದಿರು ಯೋಚಿಸಿದ್ದು ಇಷ್ಟು: ಕಾಯಿಸಿದಾಗ ಹರಳು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ, ಹಾಗಿದ್ದಲ್ಲಿ ಕೈಯಿಂದಲೇ ಒತ್ತಿ ಕುಗ್ಗಿಸಿದರೆ?

ಉಪಕರಣಗಳೆಂದರೆ ಬಡತನದ ಉಪಕರಣಗಳು. ಹರಳಿನಿಂದ ಒಂದು ಬಿಲ್ಲೆಯನ್ನು ಸರಿಯಾದ ದಿಕ್ಕಿನಲ್ಲಿ ಕೊಯ್ದು, ಅದರ ಎರಡು ಮುಖಗಳಿಗೆ ತವರದ ತೆಳು ಹಾಳೆ ಅಂಟಿಸಿ, ಗಟ್ಟಿ ರಬ್ಬರಿನ ತುಂಡುಗಳ ನಡುವೆ ಇರಿಸಿ, ಬಡಗಿಯ ಮೇಜಿನ ಮೇಲೆ ಇರುವಂಥ ಹಿಡಿಯಕ್ಕಿನಲ್ಲಿ ಬಿಗಿದರು. ಹಾಳೆಗಳಿಂದ ವಿದ್ಯುನ್ಮಾಪಕಕ್ಕೆ ತಂತಿ. ಇಕ್ಕಳವನ್ನು ಬಿಗಿದಾಗ ವಿದ್ಯುನ್ಮಾಪಕ ಒಂದು ಕಡೆಗೆ ಸರಿಯಿತು. ಸಡಿಲಿಸಿದಾಗ ಅದಕ್ಕೆ ವಿರುದ್ಧವಾದ ಕಡೆಗೆ. ಟೂರ್ಮಲೀನ್ ಆದ ಮೇಲೆ ಕ್ವಾರ್ಟ್ಸ್ ಎಂಬ ಬೆಣಚುಕಲ್ಲು, ಪುಷ್ಯರಾಗ, ರೊಷೆಲ್ ಉಪ್ಪು, ಕಡೆಗೆ ನಾವು ಕಾಫಿಗೆ ಹಾಕುವ ಕಬ್ಬಿನ ಸಕ್ಕರೆಯ ಹರಳು ಕೂಡ ಪರೀಕ್ಷೆಗೆ ಗುರಿಯಾಯಿತು. ಎಲ್ಲದರಲ್ಲಿಯೂ ಅದೇ ಫಲ. ಇದು 1880ರ ಮಾತು. ಒತ್ತು ಎಂಬರ್ಥದ ಗ್ರೀಕ್ ಶಬ್ದದಿಂದ ಇದಕ್ಕೆ ಪೀಜೋವಿದ್ಯುತ್ತು ಎಂಬ ಹೆಸರು ಬಂದಿತು. ಮರುವರ್ಷ ಲಿಪ್‌ಮನ್ ಎಂಬ ವಿಜ್ಞಾನಿ ಬರಿಯ ಗಣಿತದ ಬಲದಿಂದ, ಇದರ ತಿರುವುಮುರುವೂ ನಿಜವಾಗಿರಲೇಬೇಕೆಂದು, ಅಂದರೆ ವಿದ್ಯುತ್ತು ಕೊಟ್ಟರೆ ಹರಳು ಹಿಗ್ಗಿ ಕುಗ್ಗಬೇಕೆಂದು ತೋರಿಸಿದನು. ಸೋದರರು ಅದನ್ನೂ ಪ್ರಯೋಗದಿಂದ ಸಾಧಿಸಿಬಿಟ್ಟರು. ಇಲ್ಲಿ ಓದುಗರು ಒಂದನ್ನು ಗಮನಿಸಬೇಕು: ಅವರು ಒತ್ತಿದ ಹರಳುಗಳಲ್ಲಿ ಯಾವುದೂ ಸೀಸದ್ದಾಗಿರಲಿಲ್ಲ.

1883ರಲ್ಲಿ ಜಾಕನಿಗೆ ದೂರದ ಮೊಂಪೆಲಿಯೆಯಲ್ಲಿ ಉಪನ್ಯಾಸಕನ ಕೆಲಸವಾಯಿತು. ಜೊತೆ ಮುರಿಯಿತು. ಪಿಯೇರನು ಅದಕ್ಕೆ ಮುಂಚಿನ ವರ್ಷವೇ ಪ್ಯಾರಿಸಿನ ನಗರಸಭೆ ಹೊಸದಾಗಿ ತೆರೆದ ಭೌತ ಮತ್ತು ರಸಾಯನ ಶಾಲೆಯನ್ನು ಸೇರಿದ್ದನು. ಅಲ್ಲಿ 22 ವರ್ಷ ಕಳೆದನು. ಸಂಬಳ ತಿಂಗಳಿಗೆ 300 ಫ್ರಾಂಕಿನಷ್ಟು, ಅಂದರೆ ಒಬ್ಬ ನುರಿತ ಕಾರ್ಖಾನೆ ಕೆಲಸಗಾರನ ಕೂಲಿಯಷ್ಟು. ಸ್ವಂತ ಸಂಶೋಧನೆಗೆ ಒಂದು ಕೋಣೆಯೂ ಇಲ್ಲ. ಮೆಟ್ಟಲಿಗೂ ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೂ ನಡುವಣ ಓಣಿಯಲ್ಲಿ ನಿಂತು ಕೆಲಸ. ಹೊರಗಿನವರು ಗುರುತಿಸುತ್ತಿದ್ದರು. ಬ್ರಿಟನ್ನಿನ ಲಾರ್ಡ್ ಕೆಲ್ವಿನ್ ಅಂಥವನು ಆತನ ಉಪಕರಣಗಳನ್ನು ಬಹಳವಾಗಿ ಮೆಚ್ಚಿದನು. ಊರಿನವರ ಕಣ್ಣಿಗೆ ಮಾತ್ರ ಆತನು ಬರಿಯ ಮೇಷ್ಟ್ರು. ಬಡ್ತಿಗಾಗಿ ಯಾರ ಬಾಗಿಲಿಗೂ ಹೋಗದವನಿಗೆ ಎಲ್ಲ ದೇಶಗಳಲ್ಲಿಯೂ ಆಗುವುದು ಇದೇ ತಾನೆ?

ಆ ಓಣಿಯಲ್ಲಿ ನಿಂತು ಆತನು ಎರಡು ದೊಡ್ಡ ವಿಚಾರಗಳನ್ನು ಸಾಧಿಸಿದನು. ಮೊದಲನೆಯದು ಸಮಮಿತಿಯ ವಿಚಾರ; 1894ರಲ್ಲಿ ಪ್ರಕಟವಾಯಿತು. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಒಂದೇ ತೂಕವಿದ್ದರೆ ಅದು ಯಾವ ಕಡೆಗೂ ವಾಲದು. ಹರಳಿನೊಳಗೆ ಧನ ಮತ್ತು ಋಣ ವಿದ್ಯುತ್ತಿನ ಕಣಗಳು ಒಂದು ಕೇಂದ್ರದ ಸುತ್ತ ಎದುರುಬದುರಾಗಿ ಸರಿಸಮವಾಗಿ ಕುಳಿತಿದ್ದರೆ, ಎಷ್ಟು ಒತ್ತಿದರೂ ಒಂದರ ಸರಿತವನ್ನು ಇನ್ನೊಂದು ಹೊಡೆದುಹಾಕುತ್ತದೆ. ವಿದ್ಯುತ್ತು ಹೊರಗೆ ಬಾರದು. ಎಲ್ಲಿಯೋ ಒಂದು ಓರೆ ಇರಬೇಕು, ಒಂದು ಅಸಮತೆ ಇರಬೇಕು. ಘಟನೆಯನ್ನು ಹುಟ್ಟಿಸುವುದು ಆ ಅಸಮತೆಯೇ ಎಂಬುದು ಪಿಯೇರನ ನಿರ್ಣಯ. ಹರಳುಗಳ ರಚನೆ 32 ವರ್ಗಗಳಲ್ಲಿ ಒಂದಾಗಿರುತ್ತದೆ. ಅವುಗಳಲ್ಲಿ 20 ವರ್ಗಗಳು ಮಾತ್ರ ಒತ್ತಿದರೆ ವಿದ್ಯುತ್ತು ಕೊಡಬಲ್ಲವು. ಹರಳಿನ ಸಮಮಿತಿಯಿಂದ ಅದರ ಗುಣಗಳನ್ನು ಲೆಕ್ಕ ಹಾಕುವ ಗಣಿತವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಸೂರಿ ಭಗವಂತಂ ಪ್ರಮುಖರು. ಅವರು 1957ರಿಂದ 1962ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಎರಡನೆಯದು ಕಾವು ಮತ್ತು ಅಯಸ್ಕಾಂತ ಗುಣದ ವಿಚಾರ. ಕಬ್ಬಿಣವನ್ನು ಕಾಯಿಸುತ್ತಾ ಹೋದರೆ ಸುಮಾರು 770 ಡಿಗ್ರಿಯಲ್ಲಿ ಅದರ ಅಯಸ್ಕಾಂತ ಗುಣ ಕುಸಿದುಬೀಳುತ್ತದೆ. ಇಂಥ ಬದಲಾವಣೆಗಳನ್ನು ವರ್ಷಗಟ್ಟಲೆ ಅಳೆದು ಆತನು 1895ರಲ್ಲಿ ಡಾಕ್ಟರೇಟಿನ ಪ್ರಬಂಧವನ್ನು ಒಪ್ಪಿಸಿದನು. ಆಗ ವಯಸ್ಸು ಮೂವತ್ತೈದು. ಆ ಕಾವಿನ ಮಟ್ಟವನ್ನು ಲೋಕವು ಕ್ಯೂರಿ ಉಷ್ಣಾಂಶವೆಂದು ಕರೆಯುತ್ತದೆ. ಮುಂದೆ ವಿದ್ಯುತ್ತಿನ ಓರೆಯುಳ್ಳ ಪಿಂಗಾಣಿಗಳಿಗೂ ಅದೇ ಹೆಸರು ಅನ್ವಯವಾಯಿತು.

ಅದೇ 1895ರ ಜುಲೈ 26ರಂದು ಪೋಲೆಂಡಿನಿಂದ ಓದಲು ಬಂದಿದ್ದ ಮರಿಯಾ ಸ್ಕ್ಲೊಡೊವ್‌ಸ್ಕಾಳೊಂದಿಗೆ ಆತನ ವಿವಾಹವಾಯಿತು. ಉಡುಗೊರೆಯ ಹಣದಲ್ಲಿ ಎರಡು ಸೈಕಲ್ಲು ಕೊಂಡು ದಂಪತಿಗಳು ಹಳ್ಳಿಗಾಡನ್ನು ಸುತ್ತಿದರು. ಆಕೆ ಯುರೇನಿಯಂನಿಂದ ಹೊರಡುವ ಕಿರಣಗಳನ್ನು ಅಳೆಯಲು ಹೊರಟಾಗ ಬೇಕಾದದ್ದು ಅತಿ ಸೂಕ್ಷ್ಮ ವಿದ್ಯುತ್ತನ್ನು ಅಳೆಯುವ ಸಾಧನ. ಅದು ಮನೆಯಲ್ಲಿಯೇ ಇದ್ದಿತು! ಅಣ್ಣತಮ್ಮಂದಿರು ಮಾಡಿದ ಬೆಣಚುಕಲ್ಲಿನ ತಕ್ಕಡಿ. ಕಲ್ಲಿನ ತೆಳು ಪಟ್ಟಿಗೆ ತೂಕ ನೇತುಹಾಕಿದರೆ ಇಷ್ಟು ತೂಕಕ್ಕೆ ಇಷ್ಟೇ ವಿದ್ಯುತ್ತು ಎಂಬ ಲೆಕ್ಕ ಖಂಡಿತ. ಕಿರಣದಿಂದ ಬಂದ ವಿದ್ಯುತ್ತನ್ನು ಕಲ್ಲಿನ ವಿದ್ಯುತ್ತಿನಿಂದ ಸರಿದೂಗಿಸಿ, ವಿದ್ಯುನ್ಮಾಪಕವನ್ನು ಸೊನ್ನೆಯಲ್ಲಿ ನಿಲ್ಲಿಸಿ, ಹಿಡಿದ ಸಮಯವನ್ನು ಎಣಿಸಿದರೆ ಉತ್ತರ ಸಿಕ್ಕಿತು. 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂಗಳ ಸುಳಿವು ದೊರೆತದ್ದು ಈ ತಕ್ಕಡಿಯಿಂದ. ರೇಡಿಯಂನ ಕಥೆಯಲ್ಲಿ ಇದನ್ನು ಹೇಳದೆ ಬಿಡುವವರೇ ಹೆಚ್ಚು.

ಆಮೇಲಿನ ಕಥೆ ಎಲ್ಲರೂ ಬಲ್ಲದ್ದು: ಸೋರುವ ಮಾಡಿನ ಶೆಡ್ಡು, ಟನ್ನುಗಟ್ಟಲೆ ಅದಿರು, ನಾಲ್ಕು ವರ್ಷ ದುಡಿದು 1902ರಲ್ಲಿ ಪಡೆದ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು. ತಯಾರಿಕೆಯ ವಿಧಾನಕ್ಕೆ ಪೇಟೆಂಟ್ ಪಡೆಯದೆ ದಂಪತಿಗಳು ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು. 1903ರ ನೊಬೆಲ್ ಪಾರಿತೋಷಕಕ್ಕೆ ಮೊದಲು ಮೇರಿಯ ಹೆಸರು ಇದ್ದಿಲ್ಲ. ಸುದ್ದಿ ತಿಳಿದ ಪಿಯೇರನು ಆಕೆಯನ್ನು ಬಿಡುವುದು ತರವಲ್ಲವೆಂದು ಬರೆದ ಮೇಲೆ ಸೇರಿತು. ಸರಕಾರ ಕೊಡಬಂದ ಗೌರವಪದಕವನ್ನು ಬೇಡವೆಂದನು. ಅವನಿಗೆ ಬೇಕಾಗಿದ್ದುದು ಒಂದು ಪ್ರಯೋಗಾಲಯ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ರೇಡಿಯಂ ಮೈಯನ್ನು ಸುಡುತ್ತದೆ ಎಂದು ಕೇಳಿ ಪಿಯೇರನು ಅದನ್ನು ತನ್ನ ತೋಳಿನ ಮೇಲೆ ಹತ್ತು ಗಂಟೆ ಕಟ್ಟಿಕೊಂಡನು. ಚರ್ಮ ಕೆಂಪಾಗಿ, ಹುಣ್ಣಾಗಿ, ವಾರಗಟ್ಟಲೆ ಮಾಯಲಿಲ್ಲ. ಆತನು ಅದನ್ನು ದಿನದಿನವೂ ಬರೆದಿಟ್ಟು ಪ್ರಕಟಿಸಿದನು. 1905ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾಡಿದ ನೊಬೆಲ್ ಭಾಷಣದಲ್ಲಿ ರೇಡಿಯಂ ದುಷ್ಟರ ಕೈಗೆ ಬಿದ್ದರೆ ಅಪಾಯವಾದೀತೆಂದು ಎಚ್ಚರಿಸಿದನು. ಆದರೂ ಹೊಸ ಅರಿವಿನಿಂದ ಕೆಡುಕಿಗಿಂತ ಒಳಿತೇ ಹೆಚ್ಚೆಂಬ ಭರವಸೆಯನ್ನು ಬಿಡಲಿಲ್ಲ. ಅಷ್ಟರಲ್ಲಿ ಆತನ ಮೈಯಲ್ಲಿ ನೋವು, ಬಳಲಿಕೆ ಮನೆಮಾಡಿದ್ದವು. ತಾನು ಕಂಡುಹಿಡಿದ ವಸ್ತುವಿನ ಗುಣದಷ್ಟೇ ಅದರ ವಿಷವನ್ನೂ ಬರೆದಿಡುವ ಈ ಪ್ರಾಮಾಣಿಕತೆ ಸೀಸದ ವಿಷಯದಲ್ಲಿ ಲೋಕಕ್ಕೆ ಇದ್ದಿದ್ದರೆ ಎಷ್ಟೋ ಅನರ್ಥ ತಪ್ಪುತ್ತಿತ್ತು.

1904ರಲ್ಲಿ ಕೊನೆಗೂ ಸೊರ್ಬಾನಿನಲ್ಲಿ ಪ್ರಾಧ್ಯಾಪಕ ಪದವಿ ಬಂದಿತು. ಎರಡು ವರ್ಷವೂ ಅನುಭವಿಸಲಿಲ್ಲ. 1906ರ ಏಪ್ರಿಲ್ 19, ಗುರುವಾರ, ಮಳೆ ಸುರಿಯುತ್ತಿತ್ತು. ಪ್ಯಾರಿಸಿನ ದೊಫೀನ್ ಬೀದಿಯನ್ನು ದಾಟುತ್ತಿದ್ದ ಪಿಯೇರನು ಕಾಲುಜಾರಿ ಬಿದ್ದನು; ಭಾರ ಹೇರಿದ ಕುದುರೆಗಾಡಿಯ ಚಕ್ರ ತಲೆಯ ಮೇಲೆ ಹರಿಯಿತು. ನಲವತ್ತೇಳು ತುಂಬಲು ಇನ್ನೂ ಒಂದು ತಿಂಗಳಿತ್ತು. ಆತನ ಸ್ಥಾನದಲ್ಲಿ ಮೇರಿ ಪಾಠ ಹೇಳಲು ನಿಂತಳು. ಸೋ ಎಂಬ ಊರಿನಲ್ಲಿ ಮಣ್ಣಾಗಿದ್ದ ಇಬ್ಬರ ದೇಹಗಳನ್ನೂ 1995ರಲ್ಲಿ ಫ್ರಾನ್ಸಿನ ಮಹಾಪುರುಷರ ಸಮಾಧಿಮಂದಿರವಾದ ಪ್ಯಾಂಥಿಯಾನಿಗೆ ತಂದರು.

ಹರಳಿನ ಆಯುಷ್ಯ ಆತನೊಂದಿಗೆ ಮುಗಿಯಲಿಲ್ಲ. ಆತನ ಶಿಷ್ಯನಾದ ಪಾಲ್ ಲಾಂಜ್ವಿನ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಬೆಣಚುಕಲ್ಲಿನ ತುಂಡುಗಳನ್ನು ಉಕ್ಕಿನ ಹಲಗೆಗಳ ನಡುವೆ ಇರಿಸಿ, ವಿದ್ಯುತ್ತು ಕೊಟ್ಟು ನಡುಗಿಸಿ, ಕಿವಿಗೆ ಕೇಳಿಸದ ಸದ್ದನ್ನು ನೀರಿನೊಳಗೆ ಕಳುಹಿಸಿದನು. ಜಲಾಂತರ್ಗಾಮಿಗೆ ತಾಗಿ ಮರಳಿದ ಸದ್ದನ್ನು ಅದೇ ಕಲ್ಲು ಮತ್ತೆ ವಿದ್ಯುತ್ತಾಗಿ ಮಾಡಿ ಕೊಟ್ಟಿತು. ಗಂಗೊಳ್ಳಿಯ ಬೋಟಿನವರು ಮೀನು ಹುಡುಕುವ ಯಂತ್ರದ ಮೂಲ ಇದೇ. ಆದರೆ ಬೆಣಚುಕಲ್ಲು ಬಹಳ ಜಿಪುಣ. ಒಂದು ನ್ಯೂಟನ್ ಬಲದಿಂದ ಒತ್ತಿದರೆ ಅದು ಕೊಡುವುದು ಎರಡು ಚಿಲ್ಲರೆ ಪೈಕೋಕೂಲಂಬ್. ಎರಡನೆಯ ಮಹಾಯುದ್ಧದ ಸಮಯಕ್ಕೆ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿ ಬಂದಿತು. ಅದು ಕೊಡುವುದು 190ರ ಆಸುಪಾಸು. ಹಂಚಿನ ಕಾರ್ಖಾನೆಯಲ್ಲಿ ಮಣ್ಣನ್ನು ಒತ್ತಿ ಸುಡುವಂತೆ ಪುಡಿಯನ್ನು ಒತ್ತಿ ಸುಟ್ಟರಾಯಿತು. ಬೇಕಾದ ಆಕಾರ ಬರುತ್ತದೆ. ಸುಟ್ಟ ಮೇಲೆ ಅದರೊಳಗಿನ ಕೋಟ್ಯಂತರ ಕಣಗಳ ಓರೆಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಬಿಸಿ ಎಣ್ಣೆಯಲ್ಲಿಟ್ಟು ಬಲವಾದ ವಿದ್ಯುತ್ತನ್ನು ಕೊಟ್ಟಾಗ, ಭರತ ಬಂದಾಗ ಅಳಿವೆಯಲ್ಲಿ ಲಂಗರು ಹಾಕಿದ ದೋಣಿಗಳ ಮೂತಿಗಳು ಒಂದೇ ಕಡೆಗೆ ತಿರುಗುವ ಹಾಗೆ, ಅವು ಬಹುಮಟ್ಟಿಗೆ ಒಂದೇ ಕಡೆಗೆ ತಿರುಗಿ ನಿಲ್ಲುತ್ತವೆ.

1950ರ ದಶಕದಲ್ಲಿ ಇದನ್ನು ಮೀರಿಸಿದ ಇನ್ನೊಂದು ಪಿಂಗಾಣಿ ಬಂದಿತು: ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಪಿಂಗಾಣಿ. 300ರಿಂದ 600 ಪೈಕೋಕೂಲಂಬ್ ಕೊಡುವುದಲ್ಲದೆ ಕಾವನ್ನೂ ಚೆನ್ನಾಗಿ ತಾಳುತ್ತದೆ. ಲೋಕವೆಲ್ಲ ಅದನ್ನು ಅಪ್ಪಿಕೊಂಡಿತು. ಆದರೆ ಅದರ ನೂರು ಗ್ರಾಮಿನಲ್ಲಿ 64 ಗ್ರಾಂನಷ್ಟು ಸೀಸವೇ. ಸುಡುವಾಗ ಸೀಸದ ಆವಿ ಏಳುತ್ತದೆ. ಯಂತ್ರ ಹಾಳಾದ ಮೇಲೆ ತಿಪ್ಪೆ ಸೇರಿ ಮಣ್ಣಿಗಿಳಿಯುತ್ತದೆ. ಸೀಸವು ರಕ್ತವನ್ನು, ಮೂತ್ರಪಿಂಡವನ್ನು, ಎಲ್ಲಕ್ಕೂ ಹೆಚ್ಚಾಗಿ ಎಳೆಯ ಮಕ್ಕಳ ಮಿದುಳನ್ನು ಕೆಡಿಸುತ್ತದೆ. ನಮ್ಮ ಯಡ್ತರೆಯಲ್ಲಿ ಅಜ್ಜಯ್ಯ ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುವಾಗ ನಾಲ್ಕಾರು ಗುಂಡುಗಳನ್ನು ಬಾಯಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದರು. ಅದರಲ್ಲಿ ಕೇಡಿದೆಯೆಂದು ಅವರಿಗೆ ಹೇಳಿದವರಿಲ್ಲ. ಯೂರೋಪಿನ ಒಕ್ಕೂಟ 2006ರ ಜುಲೈಯಿಂದ ವಿದ್ಯುತ್ ಸಲಕರಣೆಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಆದರೆ ತಕ್ಕ ಬದಲಿ ಇಲ್ಲವೆಂದು ಈ ಪಿಂಗಾಣಿಗೆ ವಿನಾಯಿತಿ ಕೊಡಬೇಕಾಯಿತು.

ಬದಲಿಯನ್ನು ಹುಡುಕುವವರು ಮರಳಿ ಬಂದದ್ದು ಪಿಯೇರನ ಅಸಮತೆಗೆ. ಬೇರಿಯಂ ಟೈಟನೇಟಿನ ಒಂದೊಂದು ಗೂಡಿನಲ್ಲಿಯೂ ಆರು ಆಮ್ಲಜನಕಗಳ ನಡುವೆ ಒಂದು ಟೈಟಾನಿಯಂ ಕುಳಿತಿದೆ. ಸುಮಾರು 120 ಡಿಗ್ರಿಗಿಂತ ಮೇಲೆ ಅದು ಸರಿಯಾಗಿ ನಡುವಿನಲ್ಲಿರುತ್ತದೆ. ಆಗ ಒತ್ತಿದರೆ ಏನೂ ಇಲ್ಲ. ಅದಕ್ಕಿಂತ ತಣಿದರೆ ಒಂದು ಪಕ್ಕಕ್ಕೆ ಸರಿಯುತ್ತದೆ; ಓರೆ ಹುಟ್ಟುತ್ತದೆ. ಆ 120 ಡಿಗ್ರಿಯೇ ಅದರ ಕ್ಯೂರಿ ಉಷ್ಣಾಂಶ. ಈಗ ಕೆಲವು ಬೇರಿಯಂಗಳ ಜಾಗದಲ್ಲಿ ಅದಕ್ಕಿಂತ ಸಣ್ಣದಾದ ಕ್ಯಾಲ್ಸಿಯಂ, ಕೆಲವು ಟೈಟಾನಿಯಂಗಳ ಜಾಗದಲ್ಲಿ ದೊಡ್ಡದಾದ ಜಿರ್ಕೋನಿಯಂ ಸೇರಿಸಿದರೆ ಗೂಡಿಗೆ ಯಾವ ಕಡೆಗೆ ವಾಲಬೇಕೆಂಬ ಹಟ ಸಡಿಲವಾಗುತ್ತದೆ. ಹೀಗೆ ಅನ್ಯ ಪರಮಾಣುಗಳನ್ನು ಅಳತೆಯಿಂದ ಬೆರೆಸುವುದಕ್ಕೆ ಡೋಪಿಂಗ್ ಎನ್ನುತ್ತಾರೆ. ಭರತವೂ ಅಲ್ಲದ ಇಳಿತವೂ ಅಲ್ಲದ ಹೊತ್ತಿನಲ್ಲಿ ದೋಣಿಯ ಮೂತಿಯನ್ನು ತಿರುಗಿಸಲು ಸಣ್ಣ ಗಾಳಿ ಸಾಕಲ್ಲವೇ? ಹಾಗೆಯೇ ಇಲ್ಲಿಯೂ ಸಣ್ಣ ಒತ್ತು ದೊಡ್ಡ ಫಲವನ್ನು ಕೊಡುತ್ತದೆ. 2009ರಲ್ಲಿ ಚೀನಾದ ಷಿಯಾನ್ ನಗರದ ಸಂಶೋಧಕರು ಇಂಥ ಬೆರಕೆಯಿಂದ 620 ಪೈಕೋಕೂಲಂಬ್ ಪಡೆದರು. ಅದಕ್ಕೂ ಮೊದಲು, 2004ರಲ್ಲಿ, ಜಪಾನಿನ ಟೊಯೋಟಾ ಸಂಶೋಧನಾಲಯದವರು ಪೊಟ್ಯಾಸಿಯಂ ಸೋಡಿಯಂ ನಯೋಬೇಟಿಗೆ ಲಿಥಿಯಂ, ಟ್ಯಾಂಟಲಂ, ಆಂಟಿಮನಿ ಸೇರಿಸಿ, ಕಣಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಬೆಳೆಸಿ 416ರವರೆಗೆ ಏರಿಸಿದ್ದರು. ಈ ನಯೋಬೇಟಿಗೆ ಅದರದೇ ಕಾಟ: ಸುಡುವಾಗ ಪೊಟ್ಯಾಸಿಯಂ, ಸೋಡಿಯಂ ಆವಿಯಾಗಿ ಹೋಗುತ್ತವೆ, ಗಟ್ಟಿಯಾಗಿ ಬೇಯುವುದೇ ಕಷ್ಟ. ಚಿಟಿಕೆ ತಾಮ್ರದ ಆಕ್ಸೈಡ್ ಸೇರಿಸಿದರೆ ಕಡಿಮೆ ಕಾವಿನಲ್ಲಿ ಬೇಯುತ್ತದೆ. ಚಿಟಿಕೆ ಮ್ಯಾಂಗನೀಸ್ ಸೇರಿಸಿದರೆ ವಿದ್ಯುತ್ತಿನ ಸೋರಿಕೆ ಕಡಿಮೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸೋಡಿಯಂ ಬಿಸ್ಮತ್ ಟೈಟನೇಟ್ ಮೊದಲಾದ ಸೀಸವಿಲ್ಲದ ಪಿಂಗಾಣಿಗಳ ಮೇಲೆ ಸಂಶೋಧನೆ ನಡೆದಿದೆ.

ತೊಡಕು ಒಂದಿದೆ. ಗೂಡಿನ ಹಟವನ್ನು ಸಡಿಲಿಸಿದಷ್ಟೂ ಅದು ಕಾವಿಗೆ ಬೇಗ ಸೋಲುತ್ತದೆ. 620 ಕೊಟ್ಟ ಆ ಚೀನೀ ಬೆರಕೆಯ ಕ್ಯೂರಿ ಉಷ್ಣಾಂಶ ಬರಿಯ 93 ಡಿಗ್ರಿ. ಅನ್ನದ ನೀರು ಕುದಿಯುವ ಮುಂಚೆಯೇ ಅದರ ಗುಣ ಹೋಗಿಬಿಡುತ್ತದೆ. ಸೀಸದ ಪಿಂಗಾಣಿಯದು 300ರ ಆಚೀಚೆ. ಕಾರಿನ ಇಂಜಿನ್ನಿನ ಬಳಿ ಇಡುವುದಕ್ಕೆ ಆ ಬೆರಕೆ ಬಾರದು. ಆದ್ದರಿಂದ ಹೊಸ ಬಿಲ್ಲೆಯೊಂದನ್ನು ಕುಲುಮೆಯಿಂದ ತೆಗೆದ ಸಂಶೋಧಕನು ಅದರ ಎರಡು ಮುಖಗಳಿಗೆ ಬೆಳ್ಳಿ ಬಳಿದು ಮುಖ್ಯವಾಗಿ ಎರಡನ್ನು ಅಳೆಯುತ್ತಾನೆ: ಒತ್ತಿದರೆ ಎಷ್ಟು ವಿದ್ಯುತ್ತು ಬರುತ್ತದೆ, ಕ್ಯೂರಿ ಉಷ್ಣಾಂಶ ಎಷ್ಟಿದೆ.